ಬೆಸುಗೆ ಓದುವವಳು

ಬ್ಯಾರೋ ಊರಿನ ಹಡಗುಕಟ್ಟೆಯಲ್ಲಿ ನನ್ನ ಕೆಲಸ
ಬೆಸುಗೆಯ ಎಕ್ಸ್‌ರೇ ಓದುವುದು.
ಹಗಲಿಗೇ ಕತ್ತಲೆ ಕೋಣೆ, ಒಂದು ಬೆಳಕಿನ ಪೆಟ್ಟಿಗೆ,
ಒಂದು ಭೂತಗನ್ನಡಿ, ತಣ್ಣಗಾದ ಚಹಾ.
ಉಕ್ಕಿನ ಬಳೆಗೆ ಉಕ್ಕಿನ ಬಳೆ ಕೂಡಿಸಿ
ಹೊರಗೆ ಮೈ ತುಂಬಿಕೊಳ್ಳುತ್ತಿತ್ತು ದೋಣಿ,
ಅಣುವಿನ ಒಲೆ ಹೊತ್ತು ಮುಳುಗಬೇಕಾದದ್ದು,
ಬೇರೆ ದೋಣಿಗಳ ಬೆನ್ನು ಹತ್ತಬೇಕಾದದ್ದು.
ನನಗೆ ಕಂಡದ್ದು ಅದರ ಕೀಲುಗಳು ಮಾತ್ರ,
ಬೂದು ಫಿಲ್ಮಿನ ಮೇಲೆ, ಗೇಣು ಗೇಣಾಗಿ.

ಸಾಸಿವೆಯ ಹತ್ತರಲ್ಲೊಂದು ಪಾಲಿನ ಗುಳ್ಳೆ ಕಂಡರೂ
ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತಿದ್ದೆ.
ಆರ್ನಲ್ಡ್ ಫೆಲ್ ಬಾಗಿಲಲ್ಲಿ ನಿಂತು ಗೊಣಗುವನು:
"ಮೂರು ದಿನದ ಕೆಲಸ ಮಾರಾಯ್ತಿ, ಕೆರೆದು ಹಾಕಬೇಕಾ?"
"ಸಮುದ್ರ ನಿನ್ನ ಹಾಗೆ ಬಾಗಿಲಲ್ಲಿ ನಿಂತು ಮಾತಾಡುವುದಿಲ್ಲ" ಅಂದೆ,
"ಸೀದಾ ಒಳಗೆ ಬರುತ್ತದೆ."
ಕೆರೆದ. ಮತ್ತೆ ಬೆಸೆದ. ಒಂದು ವಾರ ಮಾತು ಬಿಟ್ಟ.

ನನ್ನ ಗಂಡ ವಿಲ್ಫ್ ಅದೇ ದೋಣಿಯೊಳಗೆ
ಹಬೆಯ ಕೊಳವೆಗಳಿಗೆ ಕಲ್ನಾರು ಸುತ್ತುವವನು,
ಚಳಿಗೆ ಕೂಸನ್ನು ಸುತ್ತುವಷ್ಟು ಜೋಪಾನವಾಗಿ.
ಊಟದ ಬಿಡುವಿನಲ್ಲಿ ಅದನ್ನೇ ಒದ್ದೆ ಉಂಡೆ ಮಾಡಿ
ಹಿಮವೆಂಬಂತೆ ಎಸೆದಾಡುವರು ಹುಡುಗರು.
ಸಂಜೆ ಅವನ ಅಂಗಿಯನ್ನು ಹಿತ್ತಿಲಲ್ಲಿ ಕೊಡವುತ್ತಿದ್ದೆ,
ಗಿರಣಿಯವನ ಹೆಂಡತಿಯ ಹಾಗೆ.
ಬೆಳ್ಳಗೆ ಏಳುತ್ತಿತ್ತು. ಬಿಸಿಲಿಗೆ ಮಿನುಗುತ್ತಿತ್ತು.
ಚೆಂದವಿತ್ತು ಎನ್ನಲು ಈಗ ನಾಚಿಕೆ.

ದೋಣಿ ನೀರಿಗಿಳಿದಾಗ ಡಂಕನ್ ಹೊಟ್ಟೆಯಲ್ಲಿದ್ದ.
ಬಸುರಿಯೆಂದು ಕಿರಣದ ಹತ್ತಿರ ಬಿಡುತ್ತಿರಲಿಲ್ಲ ನನ್ನನ್ನು;
ಅಂಗಿಯ ಧೂಳಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ.
ಬ್ಯಾಂಡು, ಬಾಟಲಿ, ಟೋಪಿಯ ಹೆಂಗಸರು.
ನಾನು ಆರ್ನಲ್ಡನ ಬೆಸುಗೆಯನ್ನೇ ದಿಟ್ಟಿಸುತ್ತಿದ್ದೆ.
ಎಲ್ಲರೂ ಕೂಗಿದರು; ಒಳಗಿದ್ದವನು ಒದ್ದ.

ಇಪ್ಪತ್ತು ವರ್ಷ ಕಳೆದು ಅದೇ ದೋಣಿಯ
ಎಂಜಿನ್ ಕೋಣೆಗೆ ಸೇರಿದ. ರಜೆಗೆ ಬಂದವನು ಹೇಳಿದ:
"ಮುಳುಗುವ ಮೊದಲು ಗೋಡೆಯಿಂದ ಗೋಡೆಗೆ
ಬಿಗಿಯಾಗಿ ಒಂದು ದಾರ ಕಟ್ಟುತ್ತೇವಮ್ಮ.
ಇಳಿದಷ್ಟೂ ಜೋಲುತ್ತದೆ.
ನೀರು ಉಕ್ಕನ್ನು ಅಷ್ಟು ಅದುಮುತ್ತದೆ."
ಅಪ್ಪ ನಕ್ಕ. ನಗು ಕೆಮ್ಮಿಗೆ ತಿರುಗಿತು,
ಕೆಮ್ಮು ಬೇಗ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಫಿಲ್ಮು ತೂಗುಹಾಕಿದರು.
ಅವರು ಬಾಯಿ ತೆರೆಯುವ ಮೊದಲೇ ಓದಿದ್ದೆ.
ಕೈ ತಾನಾಗಿ ಜೇಬಿಗೆ ಹೋಯಿತು,
ಕೆಂಪು ಪೆನ್ಸಿಲ್ಲಿಗೆ.

ಗಸ್ತಿನಲ್ಲಿರುವವರಿಗೆ ಮನೆಯಿಂದ ವಾರಕ್ಕೆ ನಲವತ್ತು ಪದ.
ಅಲ್ಲಿಂದ ಉತ್ತರವಿಲ್ಲ; ದೋಣಿ ಕೆಮ್ಮಲೂಕೂಡದು.
ರೋಗ, ಸಾವು ಬರೆಯುವಂತಿಲ್ಲ.
ಮನೆಯಲ್ಲಿ ಹೆಚ್ಚುಕಡಿಮೆಯಾದರೆ
ಆಗಲೇ ತಿಳಿಸಬೇಕೆ, ಮರಳಿದ ಮೇಲೆಯೆ?
ಮರಳಿದ ಮೇಲೆ ಎಂದು ಗುರುತು ಹಾಕಿದ್ದ ಡಂಕನ್,
ಉಳಿದ ಹುಡುಗರೆಲ್ಲ ಹಾಕಿದಂತೆ.
ವಿಲ್ಫ್ ಹೋದದ್ದು ಆರನೇ ವಾರ, ಮಂಗಳವಾರ.
ಗುರುವಾರ ಅಡುಗೆಮನೆಯಲ್ಲಿ ಕೂತು
ಬೆರಳು ಮಡಚಿ ಎಣಿಸುತ್ತ ಬರೆದೆ,
ಬೆಕ್ಕಿಗೆ ಮೂರು ಮರಿ, ವಾಲ್ನಿಯ ಕಡೆ ಗಾಳಿ ಜೋರು,
ಬಟಾಣಿ ಹೂ ಬಿಟ್ಟಿದೆ, ಇನ್ನೂ ಏನೇನೋ. ಕೊನೆಗೆ:
ಅಪ್ಪನ ಕೆಮ್ಮು ನಿಂತಿದೆ.

ಒಂದಕ್ಷರವೂ ಸುಳ್ಳಲ್ಲ.

ಆ ದೋಣಿ ಈಗ ತೆಂಕಣದ ಯಾವುದೋ ಕಟ್ಟೆಯಲ್ಲಿ ಕಟ್ಟಿಬಿದ್ದಿದೆ.
ಒಲೆ ಆರಿದೆ; ಬೂದಿ ಎಲ್ಲಿ ಸುರಿಯಬೇಕೋ ತಿಳಿಯದಂತೆ.
ಬೆಸುಗೆ ಒಂದೂ ಸೋರಲಿಲ್ಲ, ಇಷ್ಟು ಹೇಳಬಲ್ಲೆ.
ಆದರೆ ನನಗೆ ನೆನಪಾಗುವುದು ಅವನು ಇಳಿದು ಬಂದ ದಿನ:
ಗಡ್ಡ, ಎಣ್ಣೆಯ ವಾಸನೆ, ಬಿಸಿಲು ಕಾಣದ ಬಿಳಿಚು ಮುಖ.
ನಾನು ಬಾಯಿ ತೆರೆಯುವ ಮೊದಲೇ ಅಂದ:
"ಆ ವಾರ ಮೂವತ್ತೊಂಬತ್ತೇ ಪದ.
ನೀನು ಯಾವತ್ತೂ ಒಂದನ್ನೂ ಬಿಟ್ಟವಳಲ್ಲ.
ಆ ರಾತ್ರಿ, ರಾತ್ರಿಯೋ ಹಗಲೋ,
ಹಬೆಯ ಕೊಳವೆಯ ಮೇಲೆ ಕೈಯಿಟ್ಟು ಕೂತಿದ್ದೆ.
ಅಪ್ಪ ಸುತ್ತಿದ್ದು. ಇನ್ನೂ ಬೆಚ್ಚಗಿತ್ತು."

"ಕೈ ತೊಳೆದುಕೊಂಡೆಯಾ?" ಎಂದುಬಿಟ್ಟೆ,
ಇಪ್ಪತ್ತೆರಡರ ಮಗನಿಗೆ, ಮೂರು ವರ್ಷದವನೆಂಬಂತೆ.
ಅಳುತ್ತಳುತ್ತಲೇ ನಕ್ಕ.
ಆ ನಗು ಮುಗಿಯುವವರೆಗೂ
ಉಸಿರು ಹಿಡಿದು ನಿಂತೆ.